ಅವ್ವನಿಗೆ ಕಡಿದದ್ದು ಯಾವುದು

ಬನಹಟ್ಟಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದೆ ನಿಲ್ಲುವುದು ಅಭಿನಂದನನ ನೌಕರಿ. ವಯಸ್ಸು ಇಪ್ಪತ್ತೊಂಬತ್ತು, ಊರು ತೇರದಾಳ. ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಾನೆ. ಸಂಜೆ ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಮುಟ್ಟಬೇಕೆಂದು, ಮಾಲಕ ಈಶ್ವರನ ಮುಖ ನೋಡದೆ ಓಡಿಹೋಗುತ್ತಾನೆ. ಜೈನರ ಮನೆಯ ಹುಡುಗ ಎಂದು ಈಶ್ವರನೂ ಅದೊಂದನ್ನು ಸಹಿಸಿಕೊಂಡಿದ್ದಾನೆ.

ರೈತರು ಅವನ ಮುಂದೆ ಹುಳ ತಂದಿಡುತ್ತಾರೆ. ಕಡ್ಡಿಪೆಟ್ಟಿಗೆಯಲ್ಲಿ, ಖಾಲಿ ಗುಟ್ಕಾ ಚೀಟಿಯಲ್ಲಿ, ಟವೆಲ್ಲಿನ ತುದಿಗೆ ಗಂಟು ಹಾಕಿ. ಅಭಿನಂದನ ಒಂದು ಕಣ್ಣು ಸಣ್ಣ ಮಾಡಿ ನೋಡುತ್ತಾನೆ, "ಗೊತ್ತಾತು ಬಿಡ್ರಿ" ಎನ್ನುತ್ತಾನೆ, ಹಿಂದಿನ ಕಪಾಟಿನಿಂದ ಒಂದು ಬಾಟಲಿ ತೆಗೆದು ಮುಂದಿಡುತ್ತಾನೆ. ಈ ಕಡೆ ಹುಳ ಕೊಲ್ಲುವ ಔಷಧಕ್ಕೆ ಎಣ್ಣಿ ಎನ್ನುತ್ತಾರೆ. ಖರೆ ಹೇಳಬೇಕೆಂದರೆ ಅವನಿಗೆ ಗುರುತು ಇರುವ ಹುಳಗಳು ಒಟ್ಟು ಹನ್ನೊಂದು. ಹನ್ನೆರಡನೆಯದು ಬಂದರೆ, ಆ ಹನ್ನೊಂದರಲ್ಲಿ ಯಾವುದನ್ನು ಹೋಲುತ್ತದೋ ಅದರ ಹೆಸರನ್ನೇ ಇದಕ್ಕೂ ಇಟ್ಟುಬಿಡುತ್ತಾನೆ. ದನಿ ಮಾತ್ರ ನಡುಗುವುದಿಲ್ಲ. ಈಶ್ವರ ಸಂಬಳ ಕೊಡುವುದು ಆ ದನಿಗೇ.

ಅವನ ಅವ್ವ ಬಾಳವ್ವ ಈ ನೌಕರಿಗೆ ಒಪ್ಪಿದ್ದು ಒಂದು ಕರಾರಿನ ಮೇಲೆ. "ಹೊಟ್ಟಿಪಾಡು, ನನಗೂ ತಿಳೀತೈತಿ. ಆದ್ರ ಆ ವಾಸನಿ ನಮ್ಮ ಹೊಸ್ತಲಾ ದಾಟಬಾರ್ದು ನೋಡು." ಹಾಗಾಗಿ ಅವನು ಬಂದ ಕೂಡಲೇ ಹಿತ್ತಲಿನ ಬಚ್ಚಲಲ್ಲಿ ಸ್ನಾನ ಮಾಡಿಯೇ ಒಳಗೆ ಕಾಲಿಡುತ್ತಾನೆ. ಸ್ವಂತ ಕೈಯಿಂದ ಅವನು ಈವರೆಗೆ ಒಂದು ಜಿರಳೆಯನ್ನೂ ಕೊಂದವನಲ್ಲ. ಓಣಿಯ ಮಂದಿ ಅದನ್ನು ಅಹಿಂಸೆ ಎಂದುಕೊಂಡಿದ್ದಾರೆ. ಶಾಲೆಯಲ್ಲಿ ಟೀಚರಾಗಿರುವ ಹೆಂಡತಿ ಕ್ಷಮಾಗೆ ಮಾತ್ರ ನಿಜ ಗೊತ್ತು. ಜಿರಳೆ ಕಂಡರೆ ಅವನು ಮಂಚ ಹತ್ತುತ್ತಾನೆ, ಅವಳು ಅದನ್ನು ಮೊರದಲ್ಲಿ ಹಿಡಿದು ಹೊರಗೆ ಬಿಟ್ಟು ಬರುತ್ತಾಳೆ.

ಶ್ರಾವಣದ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಬಾಳವ್ವ ಹಿತ್ತಲಿಗೆ ಹೋದಳು. ಅಲ್ಲಿ ಇರುವುದೇನು ಮಹಾ: ಒಂದು ನುಗ್ಗೆ ಗಿಡ, ಎರಡು ದಾಸವಾಳ, ಒಂದು ಕರಿಬೇವು, ಒಗೆಯುವ ಕಲ್ಲು, ಅರಿವೆ ಒಣಹಾಕುವ ಹಗ್ಗ. ಚಾತುರ್ಮಾಸ ಮುಗಿಯುವತನಕ ದಿನಾ ತನ್ನ ಕೈಯಾರೆ ಇರುವೆಗಳಿಗೆ ಒಂದು ಹಿಡಿ ಸಕ್ಕರೆ ಬೆರೆಸಿದ ರವೆ ಹಾಕುವುದು ಅವಳ ನೇಮ. ಅಂದು ಒಣಗಿದ ಅರಿವೆಗಳನ್ನು ಹಗ್ಗದಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡಳು, ಬಗ್ಗಿ ರವೆ ಹಾಕಿದಳು, ತಿರುಗಿ ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದಳು.

"ಏನೋ ಚುರ್ ಅಂತು," ಎಂದಳು.

ಐದು ನಿಮಿಷ ಕಳೆಯಲಿಲ್ಲ, ಅಂಗೈ ತುರಿಸತೊಡಗಿತು. ತುಟಿ ದಪ್ಪಗಾಯಿತು. ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಂಡವು. ಆಮೇಲೆ ಅವಳು ಉಸಿರು ಎಳೆದುಕೊಳ್ಳುವ ಸದ್ದು ಪಡಸಾಲೆಯಲ್ಲಿ ಮೊಬೈಲು ನೋಡುತ್ತ ಕೂತಿದ್ದ ಅಭಿನಂದನನಿಗೂ ಕೇಳಿಸಿತು. ಓಡಿ ಬಂದಾಗ ಅವ್ವ ಹೊಸ್ತಿಲ ಮೇಲೆ ಕುಸಿದಿದ್ದಳು. ಅವನು ನಿಂತಲ್ಲೇ ನಿಂತ. ಆಟೋ ತಂದವಳು ಕ್ಷಮಾ, ಕಾಲು ಹಿಡಿದು ಎತ್ತಿದವರು ಪಕ್ಕದ ಮನೆಯವರು. ಅಭಿನಂದನ ಆಟೋದಲ್ಲಿ ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು "ಅವ್ವಾ, ಅವ್ವಾ" ಎನ್ನುವ ಕೆಲಸವನ್ನಷ್ಟೇ ಮಾಡಿದ.

ಎರಡು ಇಂಜೆಕ್ಷನ್, ಒಂದು ಸಲೈನು. ಎರಡು ತಾಸಿನ ನಂತರ ಬಾಳವ್ವ ಕಣ್ಣು ಬಿಟ್ಟು ಹೊತ್ತೆಷ್ಟಾಯಿತೆಂದು ಕೇಳಿದಳು. ಡಾಕ್ಟರು ಮಂಚದ ಬಳಿ ಬಂದರು.

"ಏನ ಕಡದೈತಿ, ನೋಡಿದ್ರೇನು?"

"ಹುಳಾರಿ."

"ಹುಳ ಎಲ್ಲೈತಿ? ತಂದೀರೇನು?"

"ಬಿಟ್ಟೆನ್ರಿ."

"ಬಿಟ್ಟ್ರಿ?"

"ಸೆರಗಿನ ತುದೀಲೆ ಹಗೂರಕ ಹಿಡದು ಕಂಪೌಂಡಿನ ಕಡೆ ಬಿಟ್ಟೆ. ಅದಕ್ಕೇನಾರ ಪೆಟ್ಟಾಗಿದ್ರ?"

ಡಾಕ್ಟರು ಅಭಿನಂದನನ ಮುಖ ನೋಡಿದರು. ಅಭಿನಂದನ ಸಲೈನಿನ ಬಾಟಲಿ ನೋಡಿದ.

"ಬಣ್ಣ ಹೆಂಗಿತ್ತು?"

"ಕೆಂಪಂದ್ರ ಕೆಂಪು, ಕರಿ ಅಂದ್ರ ಕರಿ. ಚಸ್ಮಾ ಹಾಕ್ಕೊಂಡಿದ್ದಿಲ್ರಿ."

ಡಾಕ್ಟರು ಅವನನ್ನು ಹೊರಗೆ ಕರೆದು ದನಿ ಇಳಿಸಿದರು. "ಇವರ ಮೈಗೆ ಆ ಹುಳದ ವಿಷ ತಡಿಯೂದಿಲ್ಲ. ಈ ಸಲ ಲಗೂನ ತಂದ್ರಿ, ಉಳದ್ರು. ಅದ ಹುಳ ಇನ್ನೊಮ್ಮೆ ಕಡೀತಂದ್ರ ಇಷ್ಟು ವ್ಯಾಳ್ಯಾ ಸಿಗತೈತಂತ ಹೇಳಾಕ ಬರೂದಿಲ್ಲ. ಯಾವುದಂತ ಮೊದಲ ಪತ್ತೆ ಹಚ್ಚ್ರಿ. ನೀವು ಎಣ್ಣಿ ಅಂಗಡ್ಯಾಗ ಇರಾವ್ರು, ನಿಮಗ ನಾ ಏನ ಹೇಳಲಿ."

ಆ ಕೊನೆಯ ಮಾತು ಕೇಳಿ ಅಭಿನಂದನ ತನ್ನ ಹನ್ನೊಂದು ಹುಳಗಳನ್ನು ಮನಸ್ಸಿನಲ್ಲೇ ಎಣಿಸಿದ.

ಮನೆಗೆ ಬಂದ ಮೇಲೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದರು. ಇರುವೆಗಳಿಗೆ ರವೆ ಕ್ಷಮಾ ಹಾಕುತ್ತೇನೆಂದಳು. ಬಾಳವ್ವ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬಾಯಿ ಬಿಟ್ಟಳು. "ನೇಮ ಹಿಡದಾಕಿ ನಾನು. ಬ್ಯಾರೆಯವ್ರ ಕೈಲೆ ನಡಿಯೂದಿಲ್ಲ. ಭಾನುವಾರ ತನಕ ತಡೀತೀನಿ. ಅಷ್ಟರಾಗ ಯಾವ ಹುಳ ಅಂತ ಹುಡುಕು. ಹುಡುಕದಿದ್ರೂ ಅಷ್ಟ, ನಾ ಹೊಕ್ಕೀನಿ."

"ಸತ್ತಗಿತ್ತಿ ಬೇ!"

"ಸಾಯೂ ಮಾತು ನಿನ್ನ ಬಾಯಾಗ ಭಾಳ ಲಗೂ ಬರತೈತಿ," ಎಂದು ಬಾಳವ್ವ ಜಪಮಾಲೆ ಎತ್ತಿಕೊಂಡಳು.

ಮರುದಿನದಿಂದ ಅಭಿನಂದನ ಒಂದು ತಾಸು ಮೊದಲೇ ಎದ್ದ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿದ, ರೇನ್‌ಕೋಟಿನ ಗುಂಡಿಗಳನ್ನು ಗಂಟಲವರೆಗೆ ಹಾಕಿದ, ಮೇಲೆ ಹೆಲ್ಮೆಟ್ಟು. ಬಾಗಿಲ ಬಳಿ ನಿಂತಿದ್ದ ಕ್ಷಮಾ, "ಚಂದ್ರಲೋಕದಿಂದ ಯಾವಾಗ ಬರತೀರಿ? ಚಹಾ ಇಡಬೇಕಿತ್ತು," ಎಂದಳು.

ಹುಟ್ಟಿದಾಗಿನಿಂದ ನೋಡಿದ ಹಿತ್ತಲು ಅದು. ಬಗ್ಗಿ ನೋಡಿದ್ದು ಅಂದೇ ಮೊದಲು. ನುಗ್ಗೆಯ ಬೊಡ್ಡೆಗೆ ಕಂಬಳಿಹುಳಗಳು ಹಾಸಿಗೆ ಹಾಸಿದಂತೆ ಅಂಟಿಕೊಂಡಿದ್ದವು, ಉಸಿರು ತಾಗಿದರೆ ಎಲ್ಲ ಒಟ್ಟಿಗೆ ತಲೆ ಎತ್ತುತ್ತಿದ್ದವು. ಒಗೆಯುವ ಕಲ್ಲನ್ನು ಸರಿಸಿದರೆ ಅಡಿಯಿಂದ ಕೆಂಚಗಿನ ಜರಿಯೊಂದು ನೀರಿನಂತೆ ಹರಿದು ಗೋಡೆಯ ಬಿರುಕು ಸೇರಿತು. ಕರಿಬೇವಿನ ಎಲೆಯಡಿ ಕಾಲು ಜೋತುಬಿಟ್ಟ ಕಣಜ ಗೂಡು ಕಟ್ಟುತ್ತಿತ್ತು. ದಾಸವಾಳದ ಮೊಗ್ಗಿನಲ್ಲಿ ಹೊಳೆಯುವ ಹಸಿರು ಕವಚದ ಏನೋ ಒಂದು ಅವನನ್ನೇ ನೋಡುತ್ತ ಕೂತಿತ್ತು. ಇವುಗಳಲ್ಲಿ ಒಂದೂ ಅವನ ಹನ್ನೊಂದರ ಪಟ್ಟಿಯಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದ. ಎಲ್ಲವೂ ಮಸುಕಾಗಿ ಬಂದವು.

ಗುರುವಾರ ಗೋಡೆಯ ಮೇಲೆ ಒಂದು ಇರುವೆ ಕಂಡಿತು. ಹತ್ತಿರ ಹೋಗಿ ಕಾಲೆಣಿಸಿದ. ಎಂಟು. ಮತ್ತೆ ಎಣಿಸಿದ. ಎಂಟೇ. ಇರುವೆಯ ವೇಷ ಹಾಕಿದ ಜೇಡ ಅದು, ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಆಡಿಸುತ್ತಿತ್ತು. ಅವನಿಗೆ ಮೈಯೆಲ್ಲ ಜುಮ್ಮೆಂದಿತು. ಅಂದರೆ ಇಲ್ಲಿ ಇರುವೆಯನ್ನು ಇರುವೆ ಎಂದು ನಂಬುವಂತಿಲ್ಲ. ಅಂದು ಇಡೀ ದಿನ ಅಂಗಡಿಯಲ್ಲಿ ಅಂಗಿಯ ಕಾಲರಿನೊಳಗೆ ಏನೋ ಹರಿದಂತಾಗಿ ನಾಲ್ಕು ಸಲ ಗೋದಾಮಿಗೆ ಓಡಿ ಅಂಗಿ ಬಿಚ್ಚಿ ಝಾಡಿಸಿದ. ಐದನೆಯ ಸಲ ಎದ್ದಾಗ ಈಶ್ವರ ಕೇಳಿಯೇ ಬಿಟ್ಟ: "ಯಾಕಲೇ, ಮೈಗೆ ಕಜ್ಜಿ ಆಗೈತೇನು? ಗಿರಾಕಿ ಮುಂದ ನಿಲ್ಲಬ್ಯಾಡ ಮತ್ತ."

ಸಂಜೆ ಮನೆಗೆ ಹೋದರೆ ಮೊದಲು ಅವ್ವನ ಮುಖ ನೋಡುತ್ತಿದ್ದ, ತುಟಿ ಹೇಗಿದೆ, ಕಣ್ಣು ಹೇಗಿದೆ ಎಂದು. ಅವಳು ಕೆಮ್ಮಿದರೆ ಇವನ ಉಸಿರು ನಿಲ್ಲುತ್ತಿತ್ತು.

ಶನಿವಾರ, ಇನ್ನೊಂದೇ ದಿನ ಉಳಿದಾಗ, ಅವನು ದಿನಾ ರವೆ ಬೀಳುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಕೆಂಪಿರುವೆಗಳು ಸಾಲುಗಟ್ಟಿ, ಒಂದೊಂದು ಕಾಳು ಹೊತ್ತು ನೆಲದ ತೂತಿಗೆ ಇಳಿಯುತ್ತಿದ್ದವು. ಕಡ್ಡಿಯಿಂದ ತೂತಿನ ಬಾಯಿ ಕೆದಕಿದ. ಕಡ್ಡಿಯ ಮೇಲಿಂದ ನಾಲ್ಕಾರು ಸರಸರ ಏರಿ ಬೆರಳಿಗೆ ಕಡಿದವು. ಉರಿಯಿತು, ಗುಳ್ಳೆ ಎದ್ದಿತು. ಅಭಿನಂದನನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವ್ವ ಬಗ್ಗಿದ್ದು ಇಲ್ಲೇ. ಕೆಂಪಂದರೆ ಕೆಂಪು ಎಂದವಳೂ ಅವಳೇ. ಇನ್ನೇನು ಬೇಕು?

ಪಡಸಾಲೆಯ ನಡುವೆ ನಿಂತು ಕೌಂಟರಿನ ದನಿ ತೆಗೆದ. "ಗೊತ್ತಾತು ಬಿಡು ಬೇ. ಕೆಂಪಿರಿವಿ. ಇನ್ನಮ್ಯಾಗ ದೂರದಿಂದ, ಉದ್ದನ್ನ ಸೌಟಿನ್ಯಾಗ ರವಾ ಹಾಕು. ಉಳದ ಹಿತ್ತಲದಾಗ ಎಲ್ಲಿ ಬೇಕಾದಲ್ಲಿ ಅಡ್ಡಾಡು, ಏನೂ ಆಗೂದಿಲ್ಲ."

"ಖರೇನ ಅದನ?"

"ನೂರಕ್ಕ ನೂರು."

ಬಾಳವ್ವ ತಲೆಯಾಡಿಸಿದಳು. ಮಗ ಹುಳದ ಅಂಗಡಿಯಲ್ಲಿ ಇರುವವನು. ಅವಳು ನಂಬದೆ ಇನ್ಯಾರು ನಂಬಬೇಕು?

ಭಾನುವಾರ ದಿನವಿಡೀ ಜಿಟಿಜಿಟಿ ಮಳೆ. ಬಾಳವ್ವ ಕೊಡೆ ಹಿಡಿದು ಸೌಟಿನಲ್ಲಿ ರವೆ ಹಾಕಿ ಬಂದಳು, ಏನೂ ಆಗಲಿಲ್ಲ. ಅರಿವೆಗಳನ್ನು ಒಳಗೇ ಒಣಗಿಸಿದರು. ಸೋಮವಾರ ಬಿಸಿಲು ಬಿತ್ತು. ಅಭಿನಂದನ ಬಸ್ಸಿಗೆ ಹೊರಡುವಾಗ ಅವ್ವ ಎರಡು ಬಕೆಟ್ಟು ಅರಿವೆ ನೆನೆಹಾಕುತ್ತಿದ್ದಳು. ಒಂದು ವಾರದ ನಂತರ ಅವನು ಮೊದಲ ಬಾರಿಗೆ ಬಸ್ಸಿನಲ್ಲಿ ನಿದ್ದೆ ಮಾಡಿದ.

ಹನ್ನೊಂದಕ್ಕೆ ಅಂಗಡಿಗೆ ಮುದಕಪ್ಪ ಬಂದ. ಲೋಕಾಪುರದ ಕಡೆಯ ಹಳೆಯ ರೈತ, ಬನಹಟ್ಟಿಯ ಮಗಳ ಮನೆಗೆ ಬಂದಾಗಲೆಲ್ಲ ಈ ಅಂಗಡಿಗೆ ಬಂದು ಹರಟೆ ಹೊಡೆದು ಹೋಗುವವನು. ಅವ್ವನ ಹುಳವನ್ನು ತಾನು ಹೇಗೆ ಪತ್ತೆ ಹಚ್ಚಿದೆನೆಂದು ಅಭಿನಂದನ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದ. ಮುದಕಪ್ಪ ಚಹಾದ ಕಪ್ಪು ಕೆಳಗಿಟ್ಟ.

"ಎಷ್ಟು ಕಡದಿದ್ವೋ ತಮ್ಮಾ?"

"ಒಂದ, ಕಾಕಾ."

"ಒಂದ? ಎಲ್ಲಿ ಕಡದಿತ್ತು?"

"ಕುತ್ತಿಗಿಗೆ."

"ಕೆಂಪಿರಿವಿ ಒಂಟಿ ಬಂದು ಕಡದು ಹೋಗತೈತೇನೋ? ಹತ್ತು ಕೂಡೇ ಕಾಲಿಗೆ ಜೋತಬೀಳತಾವು. ಅದೂ ಖರೆ ಇರಲಿ. ನೆಲದಾಗಿಂದು ಕುತ್ತಿಗಿಗೆ ಹೆಂಗ ಹೋತು? ಬಸ್ಸಿಗೆ ಹೋತೇನು?"

ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಅಭಿನಂದನ ನಗಲು ಬಾಯಿ ತೆರೆದ, ನಗು ಬರಲಿಲ್ಲ.

"ಅದು ಮ್ಯಾಲಿಂದ ಬಂದಿದ್ದು," ಎಂದ ಮುದಕಪ್ಪ. "ಗಿಡದಾಗಿಂದು. ನಮ್ಮ ತೋಟದಾಗ ಒಂದು ಜಾತಿ ಐತಿ. ಹೆಸರ ನನಗ ತಿಳೀದು. ತಲಿ ಕರಿ, ನಡಾ ಕೆಂಪು, ಹಿಂದ ಮತ್ತ ಕರಿ. ಸಾಲ ಹಿಡದು ಹೋಗೂದಿಲ್ಲ, ಒಂದೊಂದ ಅಡ್ಡಾಡತೈತಿ. ಒಣಗಿದ ಟೊಂಗ್ಯಾಗ ತೂತ ಮಾಡಿ ಇರತೈತಿ. ನಮ್ಮ ಆಳಮಗಗ ಕಡದು ಮೂರ ದಿನ ಭುಜ ಎತ್ತಲಿಲ್ಲ."

ಕೆಂಪಂದ್ರ ಕೆಂಪು, ಕರಿ ಅಂದ್ರ ಕರಿ. ಅವ್ವನಿಗೆ ಗೊಂದಲವೇನೂ ಇರಲಿಲ್ಲ. ಕಂಡದ್ದನ್ನು ಕಂಡಹಾಗೆ ಹೇಳಿದ್ದಳು. ಹಿತ್ತಲ ಹಗ್ಗದ ಒಂದು ತುದಿ ಬಚ್ಚಲ ಗೋಡೆಯ ಮೊಳೆಗೆ, ಇನ್ನೊಂದು ತುದಿ ನುಗ್ಗೆಯ ಒಣಟೊಂಗೆಗೆ. ಎರಡು ಬಕೆಟ್ಟು ಅರಿವೆ. ಬಿಸಿಲು. ಎಲ್ಲಿ ಬೇಕಾದಲ್ಲಿ ಅಡ್ಡಾಡು ಎಂದವನು ಅವನೇ.

ಮನೆಗೆ ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಸಾಮಾಯಿಕದ ಧ್ಯಾನಕ್ಕೆ ಕೂತರೆ ಅವ್ವ ಮುಕ್ಕಾಲು ತಾಸು ಮಾತಾಡುವುದಿಲ್ಲ, ಫೋನು ಮುಟ್ಟುವುದಿಲ್ಲ, ಹೌದು. ಆದರೆ ಹೊಸ್ತಿಲ ಮೇಲೆ ಬಿದ್ದಿದ್ದರೂ ಫೋನು ಎತ್ತುವುದಿಲ್ಲ. ಎರಡೂ ಒಂದೇ ಥರ ರಿಂಗಾಗುತ್ತವೆ. ಕ್ಷಮಾ ಶಾಲೆಯಲ್ಲಿ ತರಗತಿ ತಗೊಂಡಿದ್ದಳು, ಅವಳ ಫೋನು ಬಂದ್. ಪಕ್ಕದ ಮನೆಯವರ ನಂಬರು ಅವನ ಹತ್ತಿರ ಇರಲೇ ಇಲ್ಲ. ಇಪ್ಪತ್ತೊಂಬತ್ತು ವರ್ಷ ಪಕ್ಕದಲ್ಲಿದ್ದು!

ಕೌಂಟರನ್ನು ಹಾರಿಯೇ ದಾಟಿದ. ಸಿಕ್ಕಿದ್ದು ಒಂದು ಟಂಟಂ ಆಟೋ. ಅದು ಕೈ ತೋರಿಸಿದವರಿಗೆಲ್ಲ ನಿಂತಿತು, ಕೈ ತೋರಿಸದವರಿಗೂ ನಿಂತು "ಬರತೀರೇನು" ಎಂದು ಕೇಳಿತು. ಎರಡೂ ಕಡೆ ಆಳೆತ್ತರದ ಕಬ್ಬು. ಪಕ್ಕದಲ್ಲಿ ಕೂತ ಮುದುಕಿ ಬುಟ್ಟಿ ಇಳಿಸಲು ಎರಡು ನಿಮಿಷ ತಗೊಂಡಳು. ಅಭಿನಂದನ ಆ ಬುಟ್ಟಿಯನ್ನು ಎತ್ತಿ ರಸ್ತೆಗಿಟ್ಟು, "ಇಳೀರಿ ಆಯಿ, ಇಳೀರಿ!" ಎಂದು ಕೂಗಿದ. "ಯಾರ ಸತ್ತಾರೋ ನಿಮ್ಮನ್ಯಾಗ?" ಎಂದಳು ಮುದುಕಿ. ಅದನ್ನು ತಿಳಿಯಲೆಂದೇ ಅವನು ಹೊರಟಿದ್ದ.

ಓಣಿಯೊಳಗೆ ಓಡಿ ಬಂದ. ಮುಂಬಾಗಿಲು ತೆರೆದೇ ಇತ್ತು, ಜಪದ ಮಣೆ ಖಾಲಿ. ಹಿತ್ತಲ ಬಾಗಿಲೂ ತೆರೆದಿತ್ತು.

ಬಾಳವ್ವ ಹಗ್ಗದ ಬಳಿ ನಿಂತು ಅರಿವೆ ತೆಗೆಯುತ್ತಿದ್ದಳು. ಅರ್ಧ ಹಗ್ಗ ಖಾಲಿಯಾಗಿತ್ತು, ಅರ್ಧದ ಅರಿವೆ ಅವಳ ಹೆಗಲ ಮೇಲಿತ್ತು.

"ಇಷ್ಟ ಲಗೂ ಯಾಕ ಬಂದ್ಯೋ? ಕೆಲಸದಿಂದ ತಗದ್ರೇನು?"

ಅವನ ಕಣ್ಣು ಅವಳ ಹೆಗಲ ಮೇಲೆ ನೆಟ್ಟಿತು. ಹೆಗಲ ಮೇಲಿನ ಬಿಳಿ ಸೀರೆಯ ಮಡಿಕೆಯಿಂದ ಒಂದು ಇರುವೆ ಹೊರಬಂದಿತ್ತು. ತೆಳ್ಳಗೆ, ಉದ್ದಕ್ಕೆ. ತಲೆ ಕಪ್ಪು, ನಡು ಕೆಂಪು, ಹಿಂದೆ ಕಪ್ಪು. ಯಾವ ಅವಸರವೂ ಇಲ್ಲದೆ, ಮೀಸೆಯಿಂದ ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತ, ಕುಪ್ಪಸದ ಅಂಚಿನ ಕಡೆ ನಡೆದಿತ್ತು. ಅಲ್ಲಿಂದ ಕುತ್ತಿಗೆಗೆ ನಾಲ್ಕು ಬೆರಳು.

"ಅವ್ವಾ, ಅಲುಗಾಡಬ್ಯಾಡ."

"ಯಾಕೋ?"

"ಅಲುಗಾಡಬ್ಯಾಡ ಅಂದ್ನೆಲ್ಲ!"

ಕೈ ಎತ್ತಿದ. ಹೊಡೆದರೆ ಸಾಯಬಹುದು. ತಪ್ಪಿದರೆ, ಇಲ್ಲವೇ ಸಾಯುವ ಮೊದಲು ಅದಕ್ಕೊಂದು ಅರೆಗಳಿಗೆ ಸಿಕ್ಕರೆ, ಕೊಂಡಿ ಇಳಿಯುವುದು ಅವ್ವನ ಮೈಗೇ. ಊದಿದರೆ ಕುಪ್ಪಸದೊಳಗೆ ಬೀಳುತ್ತದೆ. ಅಂಚಿಗೆ ಇನ್ನು ಎರಡು ಬೆರಳು ಉಳಿಯಿತು. ಅವನು ಎತ್ತಿದ ಕೈಯನ್ನು ಇಳಿಸಿ, ತೋರುಬೆರಳನ್ನು ಕುಪ್ಪಸದ ಅಂಚಿಗೆ ಅಡ್ಡ ಇಟ್ಟ. ಇರುವೆ ನಿಂತಿತು. ಉಗುರನ್ನು ಮುಟ್ಟಿ ನೋಡಿತು. ಮತ್ತೆ ಮುಟ್ಟಿತು. ಆಮೇಲೆ ಬೆರಳು ಹತ್ತಿತು.

ಅವನು ಕೈ ಹಿಂದಕ್ಕೆ ತೆಗೆದ. ಬಾಳವ್ವ ತಿರುಗಿ ನೋಡಿದಳು. ಇಂದು ಚಸ್ಮಾ ಇತ್ತು.

"ಇದ! ಇದ ನೋಡೋ ಅವತ್ತ ಕಡದದ್ದು!"

ಅಷ್ಟರಲ್ಲಿ ಬೆರಳ ಸಂದಿಯಲ್ಲಿ ಕಾದ ಸೂಜಿ ಇಳಿದಂತಾಯಿತು. ಕೊಡವಿದರೆ ಎದುರು ನಿಂತ ಅವ್ವನ ಮೇಲೆ ಬೀಳುತ್ತದೆ. ಹಲ್ಲು ಕಚ್ಚಿ ಕಂಪೌಂಡಿನ ತನಕ ಹತ್ತು ಹೆಜ್ಜೆ ನಡೆದ. ಅದು ಇನ್ನೊಮ್ಮೆ ಕಡಿಯಿತು. ಕೈಯನ್ನು ಗೋಡೆಯ ಆಚೆ ಚಾಚಿ ಝಾಡಿಸಿದ.

ಆಮೇಲೆ ತಾಯಿ-ಮಗ ಅಡುಗೆಮನೆಯ ಹೊಸ್ತಿಲಲ್ಲಿ ಎದುರುಬದುರು ಕೂತರು. ಅವ್ವನ ಮೈಗೆ ತಡೆಯದ್ದು ಮಗನ ಮೈಗೆ ತಡೆಯುತ್ತದೆಂದು ಯಾರು ಹೇಳಬೇಕು? ಅಂದು ಡಾಕ್ಟರು ತನಗೆ ಕೊಟ್ಟಿದ್ದ ಗುಳಿಗೆಯನ್ನು ಬಾಳವ್ವ ಅವನ ಬಾಯಿಗೆ ಹಾಕಿದಳು. ಅವನು ಅವಳ ಹೆಗಲ ಮೇಲಿನ ಅರಿವೆಗಳನ್ನು ದೂರ ತೆಗೆದಿಟ್ಟು, ಕುತ್ತಿಗೆಯನ್ನೂ ತೋಳನ್ನೂ ಹುಡುಕಿ ನೋಡಿದ.

"ತುಟಿ ತೋರಸು," ಎಂದಳು ಬಾಳವ್ವ.

"ನೀ ತೋರಸು ಮೊದಲ. ಅಂಗೈ ತುರಸಾಕತ್ತಾವೇನು?"

"ನನಗ ಕಡದ ಇಲ್ಲಲೇ, ನನಗ್ಯಾಕ ತುರಸತಾವು? ಉಸರ ಎಳಿ. ಎಳದ್ಯೇನು? ಇನ್ನೊಮ್ಮೆ ಎಳಿ."

ಇಪ್ಪತ್ತು ನಿಮಿಷ ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದರು. ಅಭಿನಂದನನಿಗೆ ಗಂಟಲು ಕಟ್ಟಿದಂತಾಯಿತು, ಎದೆ ಹೊಡೆದುಕೊಂಡಿತು, ಕಣ್ಣು ಮಂಜಾದವು. ಎಲ್ಲವೂ ಹೆದರಿಕೆಯದೇ. ಊದಿದ್ದು ಕೈ ಒಂದೇ.

ಅಲ್ಲಿಂದಲೇ ಹಗ್ಗ ಕಾಣುತ್ತಿತ್ತು. ನುಗ್ಗೆಯ ಒಣಟೊಂಗೆಯ ತೂತಿನಿಂದ ಒಂದು ಇರುವೆ ಬಂದು ಹಗ್ಗದ ಮೇಲೆ ನಡೆಯಿತು. ತುಸು ಹೊತ್ತಿಗೆ ಇನ್ನೊಂದು. ಒಂದರ ಹಿಂದೆ ಒಂದಲ್ಲ, ಒಂದೊಂದೇ, ತಮ್ಮ ಪಾಡಿಗೆ. ಅರಿವೆಯ ಮಡಿಕೆ ಬಂದಲ್ಲಿ ಇಳಿದು ಒಳಗೆ ಹೋಗುತ್ತಿದ್ದವು. ಎಷ್ಟು ತಿಂಗಳಿಂದ ಆ ಅರಿವೆಗಳನ್ನು ಮನೆಯವರೆಲ್ಲ ಹೆಗಲ ಮೇಲೆ ಹೊತ್ತು ತಂದಿದ್ದರೋ!

"ಅಂಗಡ್ಯಾಗಿಂದು ಒಂದ ಮುಚ್ಚಳ ಎಣ್ಣಿ ತಂದು ಆ ತೂತಿನ್ಯಾಗ ಬಿಟ್ರ ಆತು ಬೇ," ಎಂದ. ದನಿ ಅವನದೇ ಅನಿಸಲಿಲ್ಲ. "ನಿನ್ನ ಕಾಲ ಬೀಳತೀನಿ. ಇದೊಂದ ಸಲ."

ಬಾಳವ್ವ ಚಸ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಶನಿವಾರ ನೂರಕ್ಕ ನೂರು ಅಂದಿದ್ದಿ," ಎಂದಳು. "ಅವತ್ತ ನೀ ಎಣ್ಣಿ ಕೇಳಿ ನಾ ಹೂಂ ಅಂದಿದ್ರ ಯಾವುದರ ಮ್ಯಾಲ ಹೊಡೀತಿದ್ದಿ?"

ಅವನು ನೆಲದ ಕೆಂಪಿರುವೆಗಳ ತೂತು ನೋಡಿದ. ಸಾವಿರಗಟ್ಟಲೆ ಸಾಯುತ್ತಿದ್ದವು. ಅವ್ವ ನಿಶ್ಚಿಂತೆಯಿಂದ ಹಗ್ಗದ ಬಳಿ ನಿಲ್ಲುತ್ತಿದ್ದಳು.

"ಇದ ಅಂತ ನಾ ಹೇಳೂದೂ ನೂರಕ್ಕ ನೂರು ಅಲ್ಲ," ಎಂದಳು ಬಾಳವ್ವ. "ನನ್ನ ಕಣ್ಣೂ ಅಷ್ಟರಾಗ ಐತಿ. ಗಿಡಾ ಅವಕ್ಕಿರಲಿ. ಹಗ್ಗ ಬಿಚ್ಚು."

ಗಿಡದ ಕಡೆಯ ಗಂಟು ಬಿಚ್ಚುವ ಧೈರ್ಯ ಅವನಿಗಿರಲಿಲ್ಲ. ಗೋಡೆಯ ಕಡೆ ಕುಡುಗೋಲಿನಿಂದ ಕೊಯ್ದ. ಹಗ್ಗ ಉಳಿದ ಅರಿವೆಗಳ ಸಮೇತ ಗಿಡದಿಂದ ಜೋತುಬಿದ್ದು ಮಣ್ಣಿಗೆ ತಾಗಿತು. ಕ್ಷಮಾ ಶಾಲೆಯಿಂದ ಬಂದ ಮೇಲೆ ಮೂವರೂ ಡಾಕ್ಟರ ಹತ್ತಿರ ಹೋದರು. ಅವರು ಮನೆಯಲ್ಲಿ ಇಟ್ಟುಕೊಳ್ಳಲು ಇಂಜೆಕ್ಷನ್ ಬರೆದುಕೊಟ್ಟರು, ಹೇಗೆ ಕೊಡಬೇಕೆಂದು ತೋರಿಸಿದರು. ಕಲಿತವಳು ಕ್ಷಮಾ. ಸೂಜಿ ಹೊರಬಂದಾಗ ಅಭಿನಂದನ ಗೋಡೆಯ ಕ್ಯಾಲೆಂಡರ್ ಓದಿದ.

ಹೊಸ ಹಗ್ಗವನ್ನು ಮನೆಯ ಮುಂದೆ, ಕಿಟಕಿಯ ಸರಳಿನಿಂದ ನಳದ ಕಂಬಕ್ಕೆ ಕಟ್ಟಿದರು. ಸುತ್ತ ಒಂದೂ ಗಿಡವಿಲ್ಲ. ಆದರೂ ಕೆಲಸಕ್ಕೆ ಹೊರಡುವ ಮೊದಲು, ಹಿಂದಿನ ದಿನದ ಅರಿವೆಗಳನ್ನು ಅವನು ಒಂದೊಂದಾಗಿ ತೆಗೆದು ಝಾಡಿಸುತ್ತಾನೆ, ತಿರುವಿ ಹಾಕುತ್ತಾನೆ, ಹೊಲಿಗೆಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಸ್ನಾನ ಮುಗಿಸಿದ ಬಾಳವ್ವ ಬಾಗಿಲ ಮರೆಯಿಂದ ಕೈ ಚಾಚಿ ನಿಂತಿರುತ್ತಾಳೆ.

"ಆತೇನೋ? ಬಸದಿಗೆ ಹೊತ್ತಾಕತೈತಿ. ಕುಪ್ಪಸ ಕೊಡು."

"ತಡಿ ಬೇ," ಎನ್ನುತ್ತಾನೆ ಅಭಿನಂದನ, ಹೆದರಿದ ಎರಡು ಬೆರಳನ್ನು ತೋಳಿನೊಳಗೆ ಇಳಿಸುತ್ತ. "ಇನ್ನೊಂದು ತೋಳ ನೋಡಿಲ್ಲ ಇನ್ನಾ."